ಕಾಲೇಜು ಮಕ್ಕಳ ಊಟದ ತೊಂದರೆಗೆ ಕನ್ನಡದಲ್ಲಿ ಆನ್‌ಲೈನ್ ನೆರವು: ಒಳಗೆ ಏನಿರಬೇಕು, ಯಾರನ್ನು ಬಿಟ್ಟುಕೊಳ್ಳಬಾರದು?

ಸಂಯೋಜಕಿ_ದಾವಣಗೆರೆ ಕೇಳಿದ್ದು:

ನಮ್ಮದು ಪಿಯು ಮತ್ತು ಪದವಿ ಎರಡೂ ಇರುವ ಕಾಲೇಜು, ಜೊತೆಗೆ ಹುಡುಗಿಯರ ಹಾಸ್ಟೆಲ್. ಕೌನ್ಸೆಲಿಂಗ್ ಸೆಲ್‌ನಲ್ಲಿ ತರಬೇತಿ ಪಡೆದವರು ಇಬ್ಬರಿದ್ದೇವೆ. ಊಟ ಬಿಡುವುದು, ರಾತ್ರಿ ಒಟ್ಟಿಗೆ ವಿಪರೀತ ತಿಂದು ವಾಂತಿ ಮಾಡಿಕೊಳ್ಳುವುದು, ಹುಡುಗರಲ್ಲಿ ಜಿಮ್ಮಿನ ‘ಕಟಿಂಗ್’ (ಕೊಬ್ಬು ಕರಗಿಸಲು ಊಟ ಕಡಿತ) ಹುಚ್ಚು, ಮೂರೂ ಕಾಣುತ್ತಿವೆ. ಎದುರು ಕೂತು ಹೇಳಿಕೊಳ್ಳುವವರು ಕಡಿಮೆ, ಫೋನಿನಲ್ಲಾದರೆ ಬರೆಯುತ್ತಾರೆ. ಹಾಗಾಗಿ ಕನ್ನಡದಲ್ಲೇ 6 ವಾರಗಳ ಒಂದು ಆನ್‌ಲೈನ್ ಮಾಡ್ಯೂಲ್ ಮಾಡುವ ಯೋಚನೆ ಇದೆ. ಕೆಲವು ಪ್ರಶ್ನೆಗಳು:

ಬಾಡಿ ಇಮೇಜ್ ಫ್ಲೆಕ್ಸಿಬಿಲಿಟಿಯನ್ನು ಗುರಿಯಾಗಿ ಇಟ್ಟುಕೊಳ್ಳಿ ಎಂದು ಕೆಲವರು ಸೂಚಿಸಿದ್ದಾರೆ. ‘ನಿನ್ನ ದೇಹವನ್ನು ಪ್ರೀತಿಸು’ ಎನ್ನುವ ಪೋಸ್ಟರುಗಳಿಗಿಂತ ಇದು ಹೇಗೆ ಬೇರೆ? ಅಭ್ಯಾಸ ಮಾಡಿಸುವುದು ಹೇಗೆ, ಅಳೆಯುವುದು ಹೇಗೆ? ಯಾರನ್ನು ಈ ಮಾಡ್ಯೂಲಿಗೆ ಸೇರಿಸದೆ ನೇರ ಆಸ್ಪತ್ರೆಗೆ ಕಳಿಸಬೇಕು? ನಾವು ಇಬ್ಬರೇ ಇರುವುದರಿಂದ ಚಾಟ್‌ಬಾಟ್ ಹಾಕಿದರೆ ನಡೆಯುತ್ತದೆಯೇ?

ನಡೆ_ನುಡಿ (ಕ್ಲಿನಿಕಲ್ ಸೈಕಾಲಜಿ) ಉತ್ತರ:

ಗುರಿ ಸರಿಯಾಗಿದೆ. ‘ನನ್ನ ಹೊಟ್ಟೆ ಅಸಹ್ಯವಾಗಿ ಕಾಣ್ತಿದೆ’ ಎಂಬ ಯೋಚನೆ ತಲೆಯಲ್ಲಿ ಕೂತಿರುವಾಗಲೇ ಹುಡುಗಿಯೊಬ್ಬಳು ಅಕ್ಕನ ಮದುವೆಗೆ ಹೋಗಿ, ಪಂಕ್ತಿಯಲ್ಲಿ ಕೂತು ಉಂಡು, ಫೋಟೋಗೆ ನಿಂತು ಬರುತ್ತಾಳೆಯೇ? ಫ್ಲೆಕ್ಸಿಬಿಲಿಟಿ ಎಂದರೆ ಇದು. ಆ ಯೋಚನೆ ಹೋಗಬೇಕಿಲ್ಲ, ದೇಹ ಇಷ್ಟವೂ ಆಗಬೇಕಿಲ್ಲ. ಯೋಚನೆ ಹೇಳಿದಂತೆ ನಡೆಯದೇ ಇದ್ದರೆ ಸಾಕು. ಪೋಸ್ಟರು ಸೋಲುವುದು ಇಲ್ಲೇ: ಕನ್ನಡಿ ಮುಂದೆ ‘ನಾನು ಸುಂದರಿ’ ಎಂದು ಹೇಳಿಸಿದರೆ, ಒಳಗೆ ನಂಬಿಕೆ ಇಲ್ಲದ ಮಗು ಮರುಕ್ಷಣವೇ ಅದಕ್ಕೆ ಎದುರುವಾದ ಹುಡುಕಲು ಶುರು ಮಾಡುತ್ತದೆ, ಇನ್ನಷ್ಟು ಕುಗ್ಗುತ್ತದೆ.

ಇದರ ಬೇರು ಸ್ಟೀವನ್ ಹೇಯ್ಸ್ ಮತ್ತು ಸಹೋದ್ಯೋಗಿಗಳು ಬೆಳೆಸಿದ ಎಸಿಟಿ (ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ) ಎಂಬ ಚಿಕಿತ್ಸಾ ಕ್ರಮದಲ್ಲಿದೆ. ಅಳೆಯಲು 2013ರಲ್ಲಿ ಎಮಿಲಿ ಸ್ಯಾಂಡೋಜ್ ಮತ್ತು ಸಂಗಡಿಗರು ಪ್ರಕಟಿಸಿದ ಬಿಐ-ಎಎಕ್ಯೂ ಎಂಬ ಪ್ರಶ್ನಾವಳಿ ಇದೆ: 12 ಹೇಳಿಕೆಗಳು, ಒಂದೊಂದಕ್ಕೂ 1ರಿಂದ 7. ಎಲ್ಲ ಹೇಳಿಕೆಗಳೂ ದೇಹದ ಚಿಂತೆ ಬದುಕಿಗೆ ಅಡ್ಡ ಬರುವುದರ ಬಗ್ಗೆಯೇ ಇರುವುದರಿಂದ ಅಂಕಗಳನ್ನು ತಿರುಗಿಸಿ ಕೂಡಬೇಕು (7 ಇದ್ದರೆ 1, 6 ಇದ್ದರೆ 2). ಆಗ 12ರಿಂದ 84ರ ಒಳಗೆ ಬರುತ್ತದೆ, ಹೆಚ್ಚು ಬಂದಷ್ಟೂ ಒಳ್ಳೆಯದು. ತಿರುಗಿಸುವುದನ್ನು ಮರೆತರೆ ಇಡೀ ವರದಿಯೇ ತಲೆಕೆಳಗಾಗುತ್ತದೆ. ಎಕ್ಸೆಲ್ಲಿನಲ್ಲಿ ಈ ಎಡವಟ್ಟು ಸುಲಭವಾಗಿ ಆಗುತ್ತದೆ. 2018ರಿಂದ 5 ಹೇಳಿಕೆಗಳ ಚಿಕ್ಕ ರೂಪವೂ ಇದೆ, ಫೋನಿಗೆ ಅದೇ ಸಾಕು. ಮೊದಲ ದಿನ, 3ನೇ ವಾರ, 6ನೇ ವಾರ ತುಂಬಿಸಿ. ಒಬ್ಬರ ಅಂಕವನ್ನು ಅವರದೇ ಹಿಂದಿನ ಅಂಕದ ಜೊತೆ ಮಾತ್ರ ಹೋಲಿಸಿ. ‘ಇಷ್ಟಕ್ಕಿಂತ ಕಡಿಮೆ ಬಂದರೆ ರೋಗ’ ಎಂಬ ಗೆರೆ ಎಳೆಯಬೇಡಿ, ಇದು ರೋಗನಿರ್ಣಯದ ಸಾಧನ ಅಲ್ಲ.

ಅಭ್ಯಾಸಕ್ಕೆ ಬಂದರೆ, ಮೊದಲ ವಾರ ಒಂದೇ ಕೆಲಸ ಕೊಡಿ: ‘ದೇಹದ ಕಾರಣಕ್ಕೆ ಬಿಟ್ಟದ್ದು’ ಎಂಬ ಪಟ್ಟಿ. ಕಳೆದ 7 ದಿನಗಳಲ್ಲಿ ತನ್ನ ದೇಹ ಹೇಗೆ ಕಾಣುತ್ತದೋ ಎಂಬ ಅಳುಕಿಗೆ ಏನೇನು ಬಿಟ್ಟೆ? ಮೆಸ್ಸಿನಲ್ಲಿ ಗೆಳತಿಯರ ಜೊತೆ ಊಟ, ಯೂತ್ ಫೆಸ್ಟಿವಲ್ ನೃತ್ಯ, ಆಟದ ಪೀರಿಯಡ್, ವಿಡಿಯೊ ಕಾಲ್, ಊರಿಗೆ ಹೋಗುವುದು. ಇಲ್ಲಿ ಸಲಹೆ, ವಿವರಣೆ ಏನೂ ಬೇಡ. ಕಳೆದುಕೊಂಡದ್ದು ಎಷ್ಟು ಎಂದು ತನ್ನದೇ ಕೈಬರಹದಲ್ಲಿ ಕಂಡ ಮೇಲೆ ಮುಂದಿನದಕ್ಕೆ ಮನಸ್ಸು ತಾನಾಗಿ ಬರುತ್ತದೆ.

ಎರಡನೇ ವಾರ ಯೋಚನೆಯನ್ನು ಯೋಚನೆಯಾಗಿ ನೋಡುವುದು. 5 ನಿಮಿಷ ಸಾಕು. ಹೆಚ್ಚು ಕಾಡುವ ವಾಕ್ಯವನ್ನು ಇದ್ದ ಹಾಗೇ ಬರೆಯಬೇಕು: ‘ನನ್ನ ತೊಡೆ ದಪ್ಪ’. ಅದರ ಕೆಳಗೆ: ‘ನನ್ನ ತೊಡೆ ದಪ್ಪ ಎಂಬ ಯೋಚನೆ ನನಗೆ ಬಂದಿದೆ’. ಅದರ ಕೆಳಗೆ: ‘ನನ್ನ ತೊಡೆ ದಪ್ಪ ಎಂಬ ಯೋಚನೆ ಬಂದಿರುವುದನ್ನು ನಾನು ಗಮನಿಸುತ್ತಿದ್ದೇನೆ’. ಮೂರನ್ನೂ ನಿಧಾನವಾಗಿ ಓದಿ, ಕೊನೆಗೆ ಒಂದು ಪ್ರಶ್ನೆ: ಈ ಯೋಚನೆ ಈಗ ನನಗೆ ಏನು ಮಾಡು ಅಂತ ಹೇಳುತ್ತಿದೆ? ‘ರಾತ್ರಿ ಊಟ ಬಿಡು’ ಎಂದು ಬರೆದರೆ ಆಜ್ಞೆ ಬೆಳಕಿಗೆ ಬಂತು.

3ನೇ ವಾರದಿಂದ ಮೊದಲ ಪಟ್ಟಿಯಿಂದ ವಾರಕ್ಕೆ ಒಂದನ್ನು ತೆಗೆದುಕೊಂಡು ವಾಪಸು ಮಾಡುವುದು. ತೀರ ಸಣ್ಣದರಿಂದ ಹಿಡಿಯಿರಿ. ‘ಬುಧವಾರ ರಾತ್ರಿ 8ಕ್ಕೆ ಸುಮಾಳ ಜೊತೆ ಮೆಸ್ಸಿನಲ್ಲಿ ಕೂತು ಊಟ’ ಎಂದು ದಿನ, ಹೊತ್ತು, ಜಾಗ ಮೂರೂ ಇರಬೇಕು. ‘ಎಲ್ಲರ ಜೊತೆ ಬೆರೆಯುತ್ತೇನೆ’ ಎಂದು ಬರೆದರೆ ಅದು ನಡೆಯುವುದಿಲ್ಲ. ಆದ ಮೇಲೆ ಕೇಳಬೇಕಾದದ್ದು ‘ಮಾಡಿದೆಯಾ?’ ಎಂದು ಮಾತ್ರ. ‘ಹಾಯೆನಿಸಿತಾ?’ ಎಂದು ಕೇಳಿದರೆ ಹಾಯೆನಿಸದ ಎಲ್ಲವೂ ಸೋಲಾಗಿಬಿಡುತ್ತದೆ.

ಈಗ ಎಚ್ಚರಿಕೆ. ಊಟ ಕಡಿತ ಮಾಡುತ್ತಿರುವವರ ಕೈಗೆ ಈ ಅಭ್ಯಾಸ ಸಿಕ್ಕರೆ ಅದನ್ನು ತಿರುಗಿಸಿ ಬಳಸುತ್ತಾರೆ: ‘ಹಸಿವು ಬಂದಿದೆ, ಅದನ್ನೂ ಸುಮ್ಮನೆ ಗಮನಿಸುತ್ತೇನೆ’. ಆದ್ದರಿಂದ ಹಸಿವು, ತಲೆಸುತ್ತು, ಚಳಿ, ನೋವು ಇವುಗಳಿಗೆ ಕೂಡಲೇ ಉಪಚಾರ ಬೇಕು, ಗಮನಿಸಿ ಬಿಡುವ ಪಟ್ಟಿಯಲ್ಲಿ ಇವಿಲ್ಲ ಎಂದು 2ನೇ ವಾರದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಎರಡನೆಯದು, ‘ನಿನಗೆ ಬದುಕಿನಲ್ಲಿ ಮುಖ್ಯವಾದದ್ದೇನು’ ಎಂದು ಕೇಳಿದಾಗ ‘ಫಿಟ್‌ನೆಸ್’, ‘ಆರೋಗ್ಯ’, ‘ಶಿಸ್ತು’ ಎಂದು ಬಂದರೆ ಅಲ್ಲಿಗೇ ಬಿಡಬೇಡಿ. ‘ನಿನ್ನ ತೂಕ ಯಾರಿಗೂ ಕಾಣುವುದೇ ಇಲ್ಲ ಎಂದಿಟ್ಟುಕೋ, ಆಗಲೂ ಇದು ಬೇಕಾ?’ ಎಂದು ಇನ್ನೊಂದು ಪ್ರಶ್ನೆ ಹಾಕಿ. ಕನ್ನಡಿ ಮುಂದೆ ನಿಂತು ದೇಹವನ್ನು ವರ್ಣಿಸುವ ಅಭ್ಯಾಸವನ್ನು ಆನ್‌ಲೈನ್‌ನಲ್ಲಿ ಕೊಡಲೇಬೇಡಿ. ಎದುರು ಚಿಕಿತ್ಸಕರು ಇಲ್ಲದಿದ್ದರೆ ಅದು ಗಂಟೆಗಟ್ಟಲೆ ದೇಹ ತಪಾಸಣೆಯಾಗಿ ಬದಲಾಗುತ್ತದೆ.

6 ವಾರ ಎಂಬ ನಿಮ್ಮ ಅಳತೆಗೆ ಹತ್ತಿರದ ಮಾದರಿ ಸೈಪ್ರಸ್ ವಿಶ್ವವಿದ್ಯಾಲಯದ ಮರಿಯಾ ಕರೆಕ್ಲಾ ತಂಡದ ಆಕ್ಸೆಪ್ಟ್‌ಮಿ ಎಂಬ, ಆಟದ ರೂಪದ ಆನ್‌ಲೈನ್ ಕಾರ್ಯಕ್ರಮ. ಅದರಲ್ಲಿ 6 ಕಂತುಗಳು. ತೂಕದ ಚಿಂತೆಯಲ್ಲಿರುವ ಕಥೆಯ ಹುಡುಗಿಗೆ ಆಡುವವಳು ನೆರವಾಗುತ್ತ ತಾನೂ ಕಲಿಯುತ್ತಾಳೆ. ಅಪಾಯದ ಅಂಚಿನಲ್ಲಿದ್ದ 92 ಹುಡುಗಿಯರ ಮೇಲಿನ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಕಥೆಯ ಮೂಲಕ ಹೋಗುವ ಆ ಉಪಾಯ ನಮ್ಮ ಪಿಯು ಮಕ್ಕಳಿಗೂ ಚೆನ್ನಾಗಿ ಹೊಂದುತ್ತದೆ. ‘ನನಗೆ ಹೀಗಾಗಿದೆ’ ಎನ್ನಲು ಹಿಂಜರಿಯುವವರು ‘ಅವಳಿಗೆ ಹೀಗಾಗಿದೆ’ ಎಂದು ಪುಟಗಟ್ಟಲೆ ಬರೆಯುತ್ತಾರೆ.

ವಾರ್ಡ್_ರೌಂಡ್ಸ್ (ಮನೋವೈದ್ಯ) ಉತ್ತರ:

ಮಾಡ್ಯೂಲಿನ ಒಳಗಡೆಗಿಂತ ಅದರ ಬಾಗಿಲು ಮುಖ್ಯ. ಬಾಗಿಲಲ್ಲಿ ಊಟದ ಕಾಯಿಲೆಯ ಸುಳಿವು ಹಿಡಿಯುವ ಸ್ಕಾಫ್ ಎಂಬ ಜರಡಿಯ 5 ಪ್ರಶ್ನೆ ಇಡಿ. 1999ರಿಂದ ಬಳಕೆಯಲ್ಲಿದೆ, 2 ನಿಮಿಷದ ಕೆಲಸ. ಹೊಟ್ಟೆ ತುಂಬಿ ಸಂಕಟವಾಗಿ ಬೇಕೆಂದೇ ವಾಂತಿ ಮಾಡಿಕೊಳ್ಳುವುದು, ತಿನ್ನುವುದರ ಮೇಲೆ ಹಿಡಿತ ತಪ್ಪಿದೆಯೆಂಬ ಚಿಂತೆ, 3 ತಿಂಗಳಲ್ಲಿ 6 ಕೆಜಿಗೂ ಹೆಚ್ಚು ಇಳಿದಿರುವುದು, ಬೇರೆಯವರು ತೆಳ್ಳಗಿದ್ದೀಯ ಎಂದರೂ ತಾನು ದಪ್ಪ ಎಂದೇ ನಂಬುವುದು, ಊಟದ ವಿಚಾರವೇ ಬದುಕನ್ನು ಆಳುತ್ತಿರುವುದು. ಎರಡು ಅಥವಾ ಹೆಚ್ಚು ‘ಹೌದು’ ಬಂದರೆ ಮುಖಾಮುಖಿ ಮಾತಾಡಲೇಬೇಕು.

ಆದರೆ ನಮ್ಮಲ್ಲಿ ಒಂದು ತೊಡಕಿದೆ. ದಪ್ಪಗಾಗುವ ಭಯವನ್ನೇ ಹೇಳದೆ ಊಟ ಬಿಟ್ಟು ಸೊರಗುವವರನ್ನು ಭಾರತದ ವೈದ್ಯರು 1990ರ ದಶಕದಿಂದಲೇ ವರದಿ ಮಾಡಿದ್ದಾರೆ. ‘ಗ್ಯಾಸ್ಟ್ರಿಕ್’, ‘ಹೊಟ್ಟೆ ಉಬ್ಬರ’, ‘ತಿಂದರೆ ಸೇರಲ್ಲ’, ಇಲ್ಲವೇ ಸಾಲುಸಾಲು ಉಪವಾಸ: ಸೋಮವಾರ, ಸಂಕಷ್ಟಿ, ಏಕಾದಶಿ, ಶನಿವಾರ. ಇವರು 4ನೇ ಪ್ರಶ್ನೆಗೆ ಪ್ರಾಮಾಣಿಕವಾಗಿ ‘ಇಲ್ಲ’ ಎನ್ನುತ್ತಾರೆ, ಜರಡಿಯಿಂದ ಜಾರಿಹೋಗುತ್ತಾರೆ. 2013ರ ಡಿಎಸ್‌ಎಂ-5 (ಅಮೆರಿಕದ ಮನೋರೋಗ ನಿರ್ಣಯದ ಕೈಪಿಡಿ) ಕೂಡ ಅನೋರೆಕ್ಸಿಯಾ (ಊಟ ಬಿಟ್ಟು ತೂಕ ತೀರ ಇಳಿಯುವ ಕಾಯಿಲೆ) ಎನ್ನಲು ಭಯವನ್ನು ಬಾಯಿಬಿಟ್ಟು ಹೇಳಲೇಬೇಕೆಂದು ಕೇಳುವುದಿಲ್ಲ. ತೂಕ ಏರದಂತೆ ಸತತವಾಗಿ ನಡೆದುಕೊಳ್ಳುತ್ತಿದ್ದರೂ ಸಾಕು. ಮುಟ್ಟು ನಿಂತಿರಬೇಕು ಎಂಬ ಷರತ್ತೂ ಈಗಿಲ್ಲ. ಹಾಗಾಗಿ ಎರಡು ಪ್ರಶ್ನೆ ಸೇರಿಸಿ: ‘ಈ ತಿಂಗಳು ವ್ರತ, ಹೊಟ್ಟೆನೋವು, ಗ್ಯಾಸ್ಟ್ರಿಕ್ ಕಾರಣಕ್ಕೆ ಎಷ್ಟು ಹೊತ್ತಿನ ಊಟ ಬಿಟ್ಟಿರಿ?’ ಮತ್ತು ‘ಬಟ್ಟೆ ಸಡಿಲವಾಗಿದೆ ಎಂದು ಮನೆಯವರು ಹೇಳಿದ್ದಾರೆಯೇ?’ ಇವಕ್ಕೆ ಅಂಕ ಇಲ್ಲ, ಕೂತು ಮಾತಾಡಲು ಒಂದು ನೆಪ ಅಷ್ಟೆ.

ಮಾಡ್ಯೂಲಿಗೆ ಸೇರಿಸದೆ ಅದೇ ದಿನ ವೈದ್ಯರಿಗೆ ತೋರಿಸಬೇಕಾದವರು: ಪ್ರಜ್ಞೆ ತಪ್ಪಿ ಬಿದ್ದವರು, ಕೂತಲ್ಲಿ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇರುವವರು, ಕುಕ್ಕರುಗಾಲಿನಲ್ಲಿ ಕೂತು ಕೈ ಊರದೆ ಏಳಲಾಗದವರು, ದಿನಕ್ಕೆ ಹಲವು ಬಾರಿ ವಾಂತಿ ಅಥವಾ ಜುಲಾಬು ಮಾತ್ರೆ ಬಳಸುವವರು, ಎದೆ ಡವಡವ, ಸ್ನಾಯು ಸೆಳೆತ ಇರುವವರು, ನೀರನ್ನೂ ಬಿಟ್ಟವರು, ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದು ಡೋಸ್ ಬಿಡುವವರು, ಗರ್ಭಿಣಿಯರು, ಸಾಯುವ ಮಾತಾಡುವವರು. ವಾಂತಿ ಮತ್ತು ಜುಲಾಬಿನಿಂದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪುತ್ತದೆ. ನೋಡಲು ದುಂಡುದುಂಡಾಗಿರುವ ಹುಡುಗಿಗೂ ಇದು ಆಗಬಹುದು. ‘ಸಣ್ಣಗಿಲ್ಲವಲ್ಲ, ಇವಳಿಗೇನು’ ಎಂಬ ಮಾತು ವಾರ್ಡನ್ ಬಾಯಲ್ಲಿ ಬರಬಾರದು. ರಕ್ತಪರೀಕ್ಷೆ ಮತ್ತು ಇಸಿಜಿ ಎರಡೂ ಬೇಕು, ಒಂದು ಸರಿ ಬಂತೆಂದು ಇನ್ನೊಂದನ್ನು ಬಿಡಬಾರದು.

ವಾರಗಟ್ಟಲೆ ಬಹುತೇಕ ಏನೂ ತಿನ್ನದವರಿಗೆ ಮನೆಯಲ್ಲಿ ಏಕಾಏಕಿ ಹೊಟ್ಟೆ ತುಂಬ ಉಣ್ಣಿಸಿದರೂ ಅಪಾಯ. ರಕ್ತದಲ್ಲಿ ಫಾಸ್ಫೇಟ್ ಕುಸಿಯುತ್ತದೆ. ಅಂಥವರಿಗೆ ಊಟ ಮತ್ತೆ ಶುರುವಾಗುವುದು ಆಸ್ಪತ್ರೆಯ ಕಣ್ಣಳತೆಯಲ್ಲೇ ಆಗಬೇಕು.

ಅನೋರೆಕ್ಸಿಯಾಕ್ಕೆ ಸ್ವಸಹಾಯದ ಮಾಡ್ಯೂಲ್ ಚಿಕಿತ್ಸೆ ಆಗುವುದಿಲ್ಲ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿ ಮಾರ್ಗದರ್ಶಕರಿರುವ ಸ್ವಸಹಾಯವನ್ನು ಮೊದಲ ಹೆಜ್ಜೆಯಾಗಿ ಹೇಳುವುದು ವಯಸ್ಕರ ಬುಲಿಮಿಯಾ (ವಿಪರೀತ ತಿಂದು ವಾಂತಿ ಮುಂತಾದವುಗಳಿಂದ ಹೊರಹಾಕುವುದು) ಮತ್ತು ಬಿಂಜ್ ಈಟಿಂಗ್‌ಗೆ (ಹಿಡಿತ ತಪ್ಪಿ ವಿಪರೀತ ತಿನ್ನುವುದು) ಮಾತ್ರ: 16 ವಾರಗಳಲ್ಲಿ 4ರಿಂದ 9 ಭೇಟಿ, ಒಂದೊಂದೂ 20 ನಿಮಿಷ. ನಿಮ್ಮ 6 ವಾರ ತಡೆಗಟ್ಟುವಿಕೆಗೆ ಸರಿ. ಕಾಯಿಲೆ ಬೇರೂರಿದವರಿಗೆ ಅದು ಸಾಲದು.

ತಡ ಮಾಡಬೇಡಿ ಎನ್ನುವುದಕ್ಕೆ ಒಂದು ಅಳತೆಗೋಲು: ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆ ಮತ್ತು ಕಿಂಗ್ಸ್ ಕಾಲೇಜು ಬೆಳೆಸಿದ ಫ್ರೀಡ್ ಎಂಬ ಸೇವೆ 16ರಿಂದ 25 ವಯಸ್ಸಿನ, ಕಾಯಿಲೆ ಶುರುವಾಗಿ 3 ವರ್ಷ ಆಗದವರಿಗೆ. ಹೆಸರು ಬಂದ 48 ಗಂಟೆಯೊಳಗೆ ಫೋನು, 2 ವಾರದೊಳಗೆ ತಪಾಸಣೆ, 4 ವಾರದೊಳಗೆ ಚಿಕಿತ್ಸೆ ಅವರ ಗುರಿ. ನೀವು ಆ 48 ಗಂಟೆಯನ್ನಾದರೂ ಹಿಡಿಯಿರಿ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಪ್ರತಿ ಪುಟದ ಕೆಳಗೂ ಇರಲಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಹಗಲಲ್ಲಿ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ತೀರ ತೊಡಕಾದರೆ ಬೆಂಗಳೂರಿನ ನಿಮ್ಹಾನ್ಸ್.

ತಟ್ಟೆ_ತಟ್ಟೆಗೂ (ಡಯಟಿಷಿಯನ್) ಉತ್ತರ:

ಮೇಲಿನ ಅಭ್ಯಾಸಗಳೆಲ್ಲ ಹಸಿದ ಹೊಟ್ಟೆಯಲ್ಲಿ ನಡೆಯುವುದಿಲ್ಲ. ಬಿಂಜ್ ಆಗುತ್ತಿರುವವರಿಗೆ ಮೊದಲ ಔಷಧಿ ಹೊತ್ತುಹೊತ್ತಿಗೆ ಊಟ: 3 ಊಟ, 2ರಿಂದ 3 ಸಣ್ಣ ತಿಂಡಿ, ನಡುವೆ 4 ಗಂಟೆಗಿಂತ ಹೆಚ್ಚು ಅಂತರ ಬೇಡ. ರಾತ್ರಿ 10ಕ್ಕೆ ಬಿಸ್ಕತ್ ಪ್ಯಾಕೆಟ್ಟುಗಳ ಮೇಲೆ ಬೀಳುವುದರ ಕಾರಣ ಹೆಚ್ಚಿನ ಸಲ ಬೆಳಿಗ್ಗೆಯ ತಿಂಡಿ ಬಿಟ್ಟದ್ದರಲ್ಲಿ ಇರುತ್ತದೆ. ಅವರು ಅದನ್ನು ಮನೋಬಲದ ಕೊರತೆ ಎಂದುಕೊಂಡು ಮರುದಿನ ಮತ್ತೆ ತಿಂಡಿ ಬಿಡುತ್ತಾರೆ, ಚಕ್ರ ಮತ್ತೆ ತಿರುಗುತ್ತದೆ.

ಹಾಸ್ಟೆಲಿಗೆ ಹೊಂದುವ ವೇಳಾಪಟ್ಟಿ: 8ಕ್ಕೆ ತಿಂಡಿ, 11ಕ್ಕೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ, 1.30ಕ್ಕೆ ಊಟ, 5ಕ್ಕೆ ಮಂಡಕ್ಕಿ ಅಥವಾ ಅವಲಕ್ಕಿ ಜೊತೆ ಟೀ, 8.30ಕ್ಕೆ ಊಟ, ಓದಲು ಕೂರುವವರಿಗೆ 10.30ಕ್ಕೆ ಒಂದು ಲೋಟ ಹಾಲು. ಮೊದಲ 2 ವಾರ ‘ಏನು ತಿಂದೆ’ ಬೇಡ, ‘ಯಾವಾಗ ತಿಂದೆ’ ಸಾಕು. ಬಿಂಜ್ ಆದರೂ ಮುಂದಿನ ಹೊತ್ತಿನ ಊಟ ಬಿಡುವಂತಿಲ್ಲ. ಇಡೀ ಯೋಜನೆಯಲ್ಲಿ ಪಾಲಿಸಲು ಅತಿ ಕಷ್ಟದ ನಿಯಮ ಇದೇ, ಆದ್ದರಿಂದ ಪದೇಪದೇ ಹೇಳಿ. ಮೆಸ್ಸು 9ಕ್ಕೆ ಮುಚ್ಚಿದರೆ ತಡವಾಗಿ ಬರುವವರಿಗೆ ಒಂದು ತಟ್ಟೆ ತೆಗೆದಿಡುವ ವ್ಯವಸ್ಥೆಯನ್ನು ವಾರ್ಡನ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಆ್ಯಪಿನಲ್ಲಿ ಎಷ್ಟು ಚೆಂದದ ಜ್ಞಾಪನೆ ಬಂದರೇನು, ಅಡುಗೆಮನೆಗೆ ಬೀಗ ಬಿದ್ದಿದ್ದರೆ?

ದಿನಚರಿ ಫಾರ್ಮಿನಲ್ಲಿ 5 ಕಾಲಂ ಸಾಕು (‘ಏನು’ ಎಂಬುದು 3ನೇ ವಾರದಿಂದ): ಹೊತ್ತು, ಏನು, ಎಲ್ಲಿ ಯಾರ ಜೊತೆ, ಹಿಡಿತ ತಪ್ಪಿತೇ, ಆಗ ಮನಸ್ಸಿನಲ್ಲಿ ಏನಿತ್ತು. ಒಂದು ಸಾಲು ಹೀಗಿರುತ್ತದೆ: ‘ರಾ. 10.40 / ಬ್ರೆಡ್, ಜಾಮ್ / ರೂಮು, ಒಬ್ಬಳೇ / ಹೌದು / ಇನ್‌ಸ್ಟಾದಲ್ಲಿ ಕ್ಲಾಸಿನವಳ ರೀಲ್ ನೋಡಿದ ಮೇಲೆ’. ತಿಂದ ಕೂಡಲೇ ತುಂಬಬೇಕು. ರಾತ್ರಿ ಮಲಗುವಾಗ ನೆನಪಿನಿಂದ ತುಂಬಿದರೆ ನಾಚಿಕೆ ಅರ್ಧ ಸಾಲುಗಳನ್ನು ನುಂಗಿಬಿಡುತ್ತದೆ. ಕ್ಯಾಲೊರಿ ಕಾಲಂ, ತೂಕದ ಗ್ರಾಫ್, ‘ಸತತ 7 ದಿನ’ ಎಂಬ ಬಹುಮಾನದ ಬ್ಯಾಡ್ಜ್, ಮೂರೂ ಬೇಡ. ಅಂಕಿ ಕಂಡರೆ ಅದರ ಜೊತೆ ಪೈಪೋಟಿಗೆ ಇಳಿಯುವ ಮಕ್ಕಳೇ ಇಲ್ಲಿ ಹೆಚ್ಚು.

ವಾಂತಿ ಮಾಡಿಕೊಳ್ಳುವವರಿಗೆ: ಕೂಡಲೇ ಹಲ್ಲುಜ್ಜಬೇಡಿ, ಆಮ್ಲದಿಂದ ಮೆತ್ತಗಾದ ಎನಾಮಲ್ ಉಜ್ಜಿದರೆ ಸವೆಯುತ್ತದೆ. ಒಂದು ಲೋಟ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಉಜ್ಜಲಿ. ಜುಲಾಬು ಮಾತ್ರೆ ಕೆಲಸ ಮಾಡುವುದು ಮುಖ್ಯವಾಗಿ ದೊಡ್ಡ ಕರುಳಿನಲ್ಲಿ. ಆಹಾರದ ಸಾರ ಅದಕ್ಕೂ ಮೊದಲೇ ಹೀರಿಕೊಂಡಾಗಿರುತ್ತದೆ. ಹೋಗುವುದು ನೀರು ಮತ್ತು ಲವಣ.

ಜಿಮ್ ಹುಡುಗರನ್ನು ಮರೆಯಬೇಡಿ. ಅವರಿಗೆ ‘ತೆಳ್ಳಗಾಗುವ ಆಸೆ’ ಎಂದು ಕೇಳಿದರೆ ತಮಗಲ್ಲ ಎಂದು ಪುಟ ಮುಚ್ಚುತ್ತಾರೆ. ‘ವರ್ಕೌಟ್ ತಪ್ಪಿದ ದಿನ ಊಟ ಕಡಿಮೆ ಮಾಡುತ್ತೀಯಾ? ಜ್ವರ ಇದ್ದರೂ ಜಿಮ್‌ಗೆ ಹೋಗುತ್ತೀಯಾ?’ ಎಂದು ಕೇಳಿ.

ತೂಕದ ವಿಚಾರದಲ್ಲಿ ಒಂದು ಮಾತು. ಮಾರ್ಗದರ್ಶಕರಿರುವ ಸಿಬಿಟಿಯಲ್ಲಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ವಾರಕ್ಕೊಮ್ಮೆ ತೂಕ ನೋಡುವುದು ಚಿಕಿತ್ಸೆಯದೇ ಭಾಗ, ದಿನಕ್ಕೆ ಹತ್ತು ಸಲ ನೋಡುವವರಿಗೂ ನೋಡಲೇ ಹೆದರುವವರಿಗೂ ಅದರಿಂದ ಉಪಯೋಗವಿದೆ. ಮಾಡ್ಯೂಲಿನಲ್ಲೂ ಇರಬಹುದು ಅನ್ನಿಸುತ್ತದೆ.

ನಡೆ_ನುಡಿ:

ಇಲ್ಲಿ ಒಪ್ಪುವುದಿಲ್ಲ. ವಾರದ ತೂಕ ಕೆಲಸ ಮಾಡುವುದು ಆ ಅಂಕಿ ಕಂಡ 2 ನಿಮಿಷದಲ್ಲಿ ಅದರ ಬಗ್ಗೆ ಮಾತಾಡಲು ಒಬ್ಬರು ಎದುರಿಗಿದ್ದಾಗ. ಹಾಸ್ಟೆಲ್ ರೂಮಿನಲ್ಲಿ, ರಾತ್ರಿ, ಒಬ್ಬಳೇ ನೋಡಿದರೆ ಮರುದಿನದ ತಿಂಡಿ ಹೋಗುತ್ತದೆ. ಚಿಕಿತ್ಸೆಗೆ ಕಳಿಸಿದ ಮೇಲೆ ಅಲ್ಲಿ ನೋಡಲಿ.

ಸಂಯೋಜಕಿ_ದಾವಣಗೆರೆ:

ತೂಕ ಬಿಟ್ಟೆವು. ಚಾಟ್‌ಬಾಟ್ ಮತ್ತು ಪೋಷಕರ ಒಪ್ಪಿಗೆ ಬಗ್ಗೆ ಯಾರಾದರೂ ಹೇಳುವಿರಾ? ಪಿಯು ಮಕ್ಕಳು 16, 17ರವರು.

ಸರ್ವರ್_ಧಾರವಾಡ (ಆರೋಗ್ಯ ತಂತ್ರಾಂಶ) ಉತ್ತರ:

ಚಾಟ್‌ಬಾಟ್‌ಗೆ ಮೊದಲು ಟೆಸ್ಸಾ ಪ್ರಕರಣ ತಿಳಿದಿರಲಿ. ಅಮೆರಿಕದ ರಾಷ್ಟ್ರೀಯ ಈಟಿಂಗ್ ಡಿಸಾರ್ಡರ್ಸ್ ಸಂಘ ಬಳಸುತ್ತಿದ್ದ ಬಾಟ್ ಅದು. ಸಂಶೋಧಕರು ಬರೆದದ್ದು ಮೊದಲೇ ನಿಗದಿಯಾದ ಉತ್ತರಗಳನ್ನಷ್ಟೇ ಕೊಡುವ ಕಾರ್ಯಕ್ರಮ. ಆಮೇಲೆ ತಾನೇ ಉತ್ತರ ಹೆಣೆಯುವ ಎಐ ಸೌಲಭ್ಯ ಅದರೊಳಗೆ ಬಂತು. ನೆರವು ಕೇಳಿ ಬಂದವರಿಗೆ ಅದು ಕ್ಯಾಲೊರಿ ಕಡಿತ, ತೂಕ ಇಳಿಸುವ ಸಲಹೆ ಕೊಟ್ಟದ್ದು ಹೊರಬಿದ್ದು 2023ರ ಮೇ ಕೊನೆಯಲ್ಲಿ ಅದನ್ನು ತೆಗೆದುಹಾಕಬೇಕಾಯಿತು. ಸಾಮಾನ್ಯ ಜನರಿಗೆ ಹೇಳುವ ‘ಆರೋಗ್ಯಕರ ಸಲಹೆ’ ಈ ಕಾಯಿಲೆಯಲ್ಲಿ ವಿಷ. ಬಾಟ್‌ಗೆ ಆ ವ್ಯತ್ಯಾಸ ತಿಳಿಯಲಿಲ್ಲ. ನಿಮ್ಮದರಲ್ಲಿ ನಿಗದಿತ ಉತ್ತರ, ಜ್ಞಾಪನೆ, ಮುಂದಿನ ಪುಟ ಇಷ್ಟೇ ಯಂತ್ರದ ಪಾಲಿಗಿರಲಿ. ತೆರೆದ ಪಠ್ಯ ಬಂದರೆ ಅದು ಮನುಷ್ಯರ ಇನ್‌ಬಾಕ್ಸಿಗೇ ಹೋಗಬೇಕು.

ಮನುಷ್ಯರು ಹೆಚ್ಚು ಬೇಕಿಲ್ಲ. ಅಮೆರಿಕದ 27 ವಿಶ್ವವಿದ್ಯಾಲಯಗಳ 690 ವಿದ್ಯಾರ್ಥಿನಿಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಂದೇಶದ ಮೂಲಕ ಕೋಚ್ ಬೆಂಬಲವಿದ್ದ ಸ್ವಸಹಾಯ ಕಾರ್ಯಕ್ರಮ ಸಿಕ್ಕವರಲ್ಲಿ 83% ಅದನ್ನು ಶುರು ಮಾಡಿದರು. ‘ಕೌನ್ಸೆಲಿಂಗ್ ಕೇಂದ್ರಕ್ಕೆ ಹೋಗಿ’ ಎಂದಷ್ಟೇ ಹೇಳಿಸಿಕೊಂಡವರಲ್ಲಿ ಚಿಕಿತ್ಸೆ ಶುರು ಮಾಡಿದ್ದು 28%. ನಿಮ್ಮ ಇಬ್ಬರಿಗೆ ಒಂದು ತಂಡದಲ್ಲಿ 20 ಮಕ್ಕಳು, ತಲಾ ವಾರಕ್ಕೆ 15 ನಿಮಿಷ ಎಂದರೆ ಒಟ್ಟು 5 ಗಂಟೆ. ಮೊದಲ ಸಲಕ್ಕೆ ಅದಕ್ಕಿಂತ ಹೆಚ್ಚು ಹಿಡಿಸಬೇಡಿ.

ಒಪ್ಪಿಗೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು, ಅವರ ದತ್ತಾಂಶಕ್ಕೆ ಪೋಷಕರಿಂದ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ದಾಖಲಾತಿ ದಿನವೇ ಇಡೀ ತರಗತಿಗೆ ‘ವಿದ್ಯಾರ್ಥಿ ಕ್ಷೇಮ ಕಾರ್ಯಕ್ರಮ’ ಎಂಬ ಹೆಸರಿನಲ್ಲಿ, ಒಳಗೆ ಏನೇನಿದೆ ಎಂದು ಬಿಡಿಸಿ ಬರೆದು ಸಹಿ ತೆಗೆದುಕೊಂಡರೆ ಯಾವ ಮಗುವೂ ಬೇರೆಯಾಗಿ ಎದ್ದು ಕಾಣುವುದಿಲ್ಲ. ವಾಟ್ಸ್‌ಆ್ಯಪ್ ಗ್ರೂಪ್ ಬೇಡವೇ ಬೇಡ: ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ, ಮಕ್ಕಳು ಒಬ್ಬರಿಂದೊಬ್ಬರು ಊಟ ಬಿಡುವ ಉಪಾಯ ಕಲಿಯುತ್ತಾರೆ. ಜ್ಞಾಪನೆಯ ನೋಟಿಫಿಕೇಶನ್‌ನಲ್ಲಿ ‘ಊಟ’, ‘ದೇಹ’ ಎಂಬ ಪದಗಳೂ ಬೇಡ. ಫೋನು ಮೇಜಿನ ಮೇಲಿದ್ದಾಗ ಪಕ್ಕದವರು ಓದುತ್ತಾರೆ. ‘ಇವತ್ತಿನ ಪುಟ ಕಾಯ್ತಾ ಇದೆ’ ಸಾಕು.

ನಡೆ_ನುಡಿ:

ಕೋಚ್ ಸಂದೇಶದ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ, ಇಂಥ ಕಾರ್ಯಕ್ರಮಗಳು ಹೆಚ್ಚಾಗಿ ಸೋರುವುದು ಅಲ್ಲೇ. ಮೊದಲ 4 ವಾರಗಳಲ್ಲಿ ಬಿಂಜ್ ಅಥವಾ ವಾಂತಿ ಕಡಿಮೆಯಾದವರು ಮುಂದೆಯೂ ಚೇತರಿಸುವ ಸಂಭವ ಹೆಚ್ಚು. ಆದ್ದರಿಂದ 4ನೇ ವಾರದ ಕೊನೆಗೆ ಏನೂ ಬದಲಾಗದಿದ್ದರೆ ‘ಇನ್ನೂ ಪ್ರಯತ್ನಿಸು’ ಎನ್ನಬೇಡಿ, ಮುಖಾಮುಖಿ ಚಿಕಿತ್ಸೆಗೆ ದಾಟಿಸಿ. ದಾಟಿಸುವಾಗ ವಿಳಾಸ ಕೊಟ್ಟು ಕೈತೊಳೆದುಕೊಳ್ಳದೆ, ಅಪಾಯಿಂಟ್‌ಮೆಂಟ್ ನೀವೇ ಮಾಡಿ, ಜೊತೆಗೆ ಯಾರು ಹೋಗುತ್ತಾರೆ ಎಂದು ಕೇಳಿ.

ಮಾತು ನಿಲ್ಲಿಸಿದವರಿಗೆ 3ನೇ ದಿನ ಒಂದು ಸಂದೇಶ, 7ನೇ ದಿನ ಇನ್ನೊಂದು, 10ನೇ ದಿನ ಫೋನು. ‘ಯಾಕೆ ಫಾರ್ಮ್ ತುಂಬಿಲ್ಲ?’ ಎಂದು ಬರೆದರೆ ಮಗು ಶಾಶ್ವತವಾಗಿ ಹೋಗುತ್ತದೆ. ‘ಚೆನ್ನಾಗಿ ಕಾಣ್ತಿದ್ದೀಯ’, ‘ಸ್ವಲ್ಪ ಮೈ ಹಿಡಿದಿದ್ದೀಯ’ ಎಂಬ ಹೊಗಳಿಕೆಯೂ ಬೇಡ, ಅವರಿಗೆ ಅದು ‘ದಪ್ಪಗಾದೆ’ ಎಂದೇ ಕೇಳಿಸುತ್ತದೆ. ಹೀಗೆ ಬರೆಯಬಹುದು: ‘ಕಳೆದ ವಾರ ಬುಧವಾರದ ಊಟಕ್ಕೆ ಮೆಸ್ಸಿಗೆ ಹೋಗ್ತೀನಿ ಅಂದಿದ್ದೆ. ಹೋಗೋಕೆ ಆಗದಿದ್ದರೂ ಪರವಾಗಿಲ್ಲ, ಏನು ಅಡ್ಡ ಬಂತು ಅಂತ ಒಂದೇ ಸಾಲು ಬರಿ. ಗುರುವಾರ 4ರಿಂದ 5 ನಾನು ಆನ್‌ಲೈನ್ ಇರ್ತೀನಿ.’ ಆ ಗಂಟೆ ನಿಜವಾಗಿಯೂ ಆನ್‌ಲೈನ್ ಇರಿ.